ರಕ್ತ ನಿಂತರೂ ಉರಿಯೂತ ನಿಂತಿರುವುದಿಲ್ಲ

ಸಂಪಾದಕರೇ,

ದೊಡ್ಡ ಕರುಳಿನ ಕ್ಯಾನ್ಸರ್ ಬಗ್ಗೆ ಯಾವ ಆರೋಗ್ಯ ಪುಟ ತೆರೆದರೂ ಸೊಪ್ಪು ತಿನ್ನಿ, ಮಾಂಸ ಕಡಿಮೆ ಮಾಡಿ, ಸಿಗರೇಟು ಬಿಡಿ ಅಂತ ಇರುತ್ತದೆ. ತಪ್ಪೇನಿಲ್ಲ. ಆದರೆ ವರ್ಷಗಟ್ಟಲೆ ಕರುಳಿನ ಉರಿಯೂತ ಇಟ್ಟುಕೊಂಡು ಓಡಾಡುವ ನಮ್ಮಂಥವರ ಮಾತೇ ಬರುವುದಿಲ್ಲ. ನನಗಿರುವುದು ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪದರ ಊದಿ, ಹುಣ್ಣಾಗಿ, ಮಲದಲ್ಲಿ ರಕ್ತ ಬರುವ ಕಾಯಿಲೆ.

ಕೈಗೆ ಗಾಯವಾದರೆ ಊದಿಕೊಳ್ಳುತ್ತದೆ, ಆಮೇಲೆ ವಾಸಿಯಾಗುತ್ತದೆ. ಈ ಕಾಯಿಲೆಯಲ್ಲಿ ಆ ಊತ ಪೂರ್ತಿ ಇಳಿಯುವುದೇ ಕಷ್ಟ. ಕರುಳಿನ ಒಳಪದರದ ಕೋಶಗಳು ಸಾಯುತ್ತಲೇ ಇರುತ್ತವೆ, ಆ ಜಾಗ ತುಂಬಲು ಹೊಸವು ಗಡಿಬಿಡಿಯಲ್ಲಿ ಹುಟ್ಟುತ್ತಲೇ ಇರುತ್ತವೆ, ಅದೇ ಹೊತ್ತಿಗೆ ಅಲ್ಲಿ ಬಂದು ಸೇರಿದ ಬಿಳಿ ರಕ್ತಕಣಗಳು ಬಿಡುವ ರಾಸಾಯನಿಕಗಳು ಅವುಗಳ ಡಿಎನ್‌ಎಗೇ ಏಟು ಕೊಡುತ್ತವೆ. ಹಾಗೆ ಕೆಟ್ಟ ಕೋಶ ಸಾಯಬೇಕು ತಾನೇ? ಐಎಲ್-6, ಟಿಎನ್‌ಎಫ್ ಎಂಬ ಉರಿಯೂತದ ಸಂದೇಶಗಳು ಅದಕ್ಕೆ ಬದುಕು, ಬೆಳೆ ಅಂತ ಕುಮ್ಮಕ್ಕು ಕೊಡುತ್ತವೆ. ಕ್ಯಾನ್ಸರ್ ಗಡ್ಡೆಯೊಳಗೆ ಬಿಳಿ ರಕ್ತಕಣ ಇರುವುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 1863ರಲ್ಲೇ ಗಮನಿಸಿದ್ದರು. ಹೊಸ ಸುದ್ದಿಯೇನಲ್ಲ.

ಕೊಲೈಟಿಸ್ ಇದ್ದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಹೆಚ್ಚಿನವರಿಗೆ ಬರುವುದೇ ಇಲ್ಲ. ಎಷ್ಟು ವರ್ಷದಿಂದ ಇದೆ, ಕರುಳಿನ ಎಷ್ಟು ಭಾಗಕ್ಕೆ ಹರಡಿದೆ, ಉರಿಯೂತ ಎಷ್ಟು ಜೋರಿದೆ ಎನ್ನುವುದರ ಮೇಲೆ ಅಪಾಯ ಹೆಚ್ಚುತ್ತಾ ಹೋಗುತ್ತದೆ. ಅದಕ್ಕೇ ಕಾಯಿಲೆ ಶುರುವಾಗಿ ಸುಮಾರು 8 ವರ್ಷವಾದ ಮೇಲೆ ಆಗಾಗ ಕೊಲನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಿ ಅನ್ನುತ್ತಾರೆ. ಸಾಮಾನ್ಯವಾಗಿ ಈ ಕ್ಯಾನ್ಸರ್ ಪಾಲಿಪ್‌ನಿಂದ ಶುರುವಾಗುತ್ತದೆ, ಸಣ್ಣ ಗಂಟು, ಕ್ಯಾಮೆರಾಗೆ ಕಾಣುತ್ತದೆ. ನಮ್ಮಲ್ಲಿ ಎಷ್ಟೋ ಸಲ ಅದು ಚಪ್ಪಟೆಯಾಗಿ ಹರಡಿ, ಸುತ್ತಲಿನ ಕೆಂಪಿನಲ್ಲಿ ಸೇರಿಹೋಗಿರುತ್ತದೆ. ಅದನ್ನು ಹಿಡಿಯಲು ಒಳಗೆ ನೀಲಿ ಬಣ್ಣ ಸಿಂಪಡಿಸಿ ನೋಡುವುದೂ ಇದೆ, ಅಲ್ಲಲ್ಲಿ ಚೂರು ಕಿತ್ತು ಬಯಾಪ್ಸಿಗೆ ಕಳಿಸುವುದೂ ಇದೆ. ಪರೀಕ್ಷೆಗೆ ಕರುಳು ಖಾಲಿಯಾಗಲಿ ಅಂತ ಹಿಂದಿನ ರಾತ್ರಿ ಲೋಟಗಟ್ಟಲೆ ಕುಡಿಯಬೇಕಾದ ಆ ಉಪ್ಪುಪ್ಪು ಭೇದಿ ಔಷಧಿ ಮಾತ್ರ ಯಾವ ಶತ್ರುವಿಗೂ ಬೇಡ, ಆದರೂ ಕುಡಿಯುತ್ತೇವೆ.

ತಮಾಷೆ ಅಂದ್ರೆ, ರಕ್ತ ನಿಂತ ತಕ್ಷಣ ಜನ ಮಾತ್ರೆ ಬಿಡುತ್ತಾರೆ. ಹೊರಗೆ ಏನೂ ಕಾಣದಿದ್ದರೂ ಒಳಗೆ ಉರಿಯೂತ ಇರಬಹುದು, ಉರಿಯೂತ ಇಳಿಸುವ ಮೆಸಲಮೈನ್ ಮಾತ್ರೆ ಮುಂದುವರಿಸಿ ಅನ್ನುವುದು ಅದಕ್ಕೇ. ಇನ್ನು ಕೆಲವರು ಅಲ್ಲಿಯವರೆಗೂ ಬರುವುದಿಲ್ಲ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ತಾವೇ ತೀರ್ಮಾನ ಮಾಡಿ, ಬಸ್ ಸ್ಟ್ಯಾಂಡ್ ಗೋಡೆ ಮೇಲಿನ ನಂಬರಿಗೆ ಫೋನ್ ಮಾಡುತ್ತಾರೆ. ಹೇಳಿಕೊಳ್ಳಲು ನಾಚಿಕೆ, ಅಲ್ವಾ?

ಮುಂದಿನ ಸಲ ಆರೋಗ್ಯ ಪುಟದಲ್ಲಿ ಕರುಳಿನ ಡಾಕ್ಟರೊಬ್ಬರಿಂದ ಇದನ್ನು ಬರೆಸಿ. ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಕೊಲನೋಸ್ಕೋಪಿ ಮಾಡುತ್ತಾರೆ, ಖರ್ಚೆಷ್ಟು ಅನ್ನುವುದನ್ನೂ ಹಾಕಿ.

– ಒಬ್ಬ ಓದುಗ, ದಾವಣಗೆರೆ