ಸೂಜಿ ಹೋದ ದಾರಿ

ಮಾಳಮಡ್ಡಿ, ಧಾರವಾಡ

ಪ್ರೀತಿಯ ಸುಮಾ,

ದೊಡ್ಡವ್ವನ ಆಶೀರ್ವಾದ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ "ಇರಲಿ ಬಿಡು ದೊಡ್ಡವ್ವ" ಅನ್ನುತ್ತೀ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ಬೇರೆಯವರ ಕಸೂತಿ ನೋಡಿದರೆ ಮೊದಲು ಹುರುಪು ಬರುತ್ತದೆ, ಒಂದು ತಾಸು ನೋಡಿದ ಮೇಲೆ ಸೂಜಿ ಹಿಡಿಯೋ ಮನಸ್ಸೇ ಇರುವುದಿಲ್ಲ ಅಂದೆಯಲ್ಲ. ನೋಡುವುದು ತಪ್ಪಲ್ಲ. ಮಂದಿಯ ಕೆಲಸ ನೋಡದೆ ಯಾರು ಏನು ಕಲಿತಿದ್ದಾರೆ? ಆದರೆ ನೀನು ಬಹಳ ಜನರನ್ನು ನೋಡುತ್ತೀ, ಒಬ್ಬರನ್ನೂ ಪೂರ್ತಿ ನೋಡುವುದಿಲ್ಲ. ನನ್ನ ತಕರಾರು ಅಷ್ಟೇ.

ನಮ್ಮ ಕಡೆಯ ಭೀಮಸೇನ ಜೋಶಿಯವರನ್ನೇ ತಗೋ. ಗಾಯಕ ಅಬ್ದುಲ್ ಕರೀಂ ಖಾನರ ರೆಕಾರ್ಡ್ ಕೇಳಿ ಹುಚ್ಚು ಹತ್ತಿ, 1933ರಲ್ಲಿ, 11ನೇ ವಯಸ್ಸಿಗೇ ಗದಗ ಬಿಟ್ಟು ಹೊರಟರು. ಇಷ್ಟು ಕತೆ ಎಲ್ಲರಿಗೂ ಗೊತ್ತು. ಮುಂದೆ ಊರೂರು ಅಲೆದು, ಕೊನೆಗೆ ಕುಂದಗೋಳಕ್ಕೆ ಬಂದು ಗುರು ಸವಾಯಿ ಗಂಧರ್ವರ ಎದುರು ವರ್ಷಗಟ್ಟಲೆ ಕೂತರಲ್ಲ, ಅದನ್ನು ಜನ ಬೇಗ ಹೇಳಿ ಮುಗಿಸುತ್ತಾರೆ. ರೆಕಾರ್ಡು ಮನೆಯಿಂದ ಎಬ್ಬಿಸಿತು, ಖರೆ. ಕಲಿತದ್ದು ಕುಂದಗೋಳದಲ್ಲಿ ಕೂತ ಮೇಲೆ. (ನೀನು ಮಾತ್ರ ಎಲ್ಲಿಗೂ ಹೊರಡಬೇಡ. ನಿಮ್ಮವ್ವ ನನ್ನ ಮೇಲೆ ಜಗಳಕ್ಕೆ ಬರುತ್ತಾಳೆ.)

ಈಗ ನಿನ್ನ ಕಸೂತಿಗೆ ಬರೋಣ. ನಿನಗೆ ಯಾರೋ ಒಬ್ಬಳು ಹೊಲಿದ ಗೋಪುರ ಇಷ್ಟವಾಯಿತು ಅಂತಿಟ್ಟುಕೋ. ಚಿತ್ರದಲ್ಲಿ ಗೋಪುರ ಕಾಣುತ್ತದೆ, ಸೂಜಿ ಹೋದ ದಾರಿ ಕಾಣುವುದಿಲ್ಲ. ಗವಂತಿ ಅನ್ನೋ ಕಸೂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬಬೇಕು. ಗಂಟು ಹಾಕೋ ಹಾಗಿಲ್ಲ. ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಹಾಗಾದರೆ ಆಕೆ ಎಲ್ಲಿಂದ ಹೊರಟಳು? ಕಳಸಕ್ಕೆ ಹೋಗಿ ಯಾವ ಕಡೆಯಿಂದ ಇಳಿದಳು? ನಡುವಿನ ಬಾಗಿಲನ್ನು ಹೋಗುತ್ತಾ ಮಾಡಿದಳೋ, ಬರುತ್ತಾ ಮಾಡಿದಳೋ? ಚೌಕಳಿ ಹಾಳೆ ಮೇಲೆ ಪೆನ್ಸಿಲ್ ಹಿಡಿದು ಆ ದಾರಿ ಹುಡುಕು. ಒಮ್ಮೆಗೆ ಸಿಗುವುದಿಲ್ಲ. ಸಿಕ್ಕ ದಿನ ಆಕೆಯ ತಲೆ ಹೆಂಗೆ ಓಡುತ್ತದೆ ಅಂತ ನಿನಗೆ ಗೊತ್ತಾಗಿರುತ್ತದೆ. ಆಮೇಲೆ ಹೊಟ್ಟೆಕಿಚ್ಚು ಉಳಿಯುವುದಿಲ್ಲ. ಅವಳೂ ಎಳೆ ಎಣಿಸಿಯೇ ಮಾಡಿದ್ದು ಅಲ್ವಾ?

ಯಾರಿಗಾದರೂ ಬರೆದು ಕೇಳುವುದಿದ್ದರೆ "ಬಹಳ ಚಂದ ಐತಿ" ಅಂತ ಬರೆದು ಬಿಡಬೇಡ. ಹಿಂಬದಿಯ ಫೋಟೋ ಕೇಳು. ಒಳ್ಳೆಯ ಕೆಲಸದವಳು ಖುಷಿಯಿಂದ ಕಳಿಸುತ್ತಾಳೆ. ಕಳಿಸದಿದ್ದರೂ ನಿನಗೊಂದು ಉತ್ತರ ಸಿಕ್ಕಂತೆಯೇ.

ಇನ್ನೊಂದು ಮಾತು. ಬರೀ ಕಸೂತಿಯವರನ್ನೇ ನೋಡುತ್ತಾ ಕೂತರೆ ಎಲ್ಲರ ಸೆರಗೂ ಒಂದೇ ಥರ ಆಗುತ್ತದೆ. ಈಗ ಆಗಿರುವುದೂ ಅದೇ. ನವಲಗುಂದದ ಜಮಖಾನೆ ನೋಡು. ಹೆಣ್ಣುಮಕ್ಕಳೇ ನೇಯುತ್ತಾರೆ. ಅಲ್ಲಿಯೂ ನವಿಲು ಇದೆ, ನಮ್ಮಲ್ಲೂ ನವಿಲು ಇದೆ. ಎರಡೂ ಕಡೆ ಎಳೆಯ ಲೆಕ್ಕ, ಕೊರಳನ್ನು ದುಂಡಗೆ ಬಾಗಿಸೋ ಹಾಗಿಲ್ಲ. ಅವರು ಆ ಕೊರಳನ್ನು ಹೇಗೆ ತಿರುಗಿಸಿದ್ದಾರೆ ಅಂತ ನೋಡಿದರೆ ನಿನ್ನ ನವಿಲೂ ಬೇರೆ ಆಗುತ್ತದೆ. ಗದಗಿಗೆ ಹೋದರೆ ಲಕ್ಕುಂಡಿಗೂ ಹೋಗು. ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದಲ್ಲಿ ಒಂದರ ಪಕ್ಕ ಒಂದು ಪಟ್ಟಿ ಕೆತ್ತಿದ್ದಾರೆ. ಸೀರೆಯ ಅಂಚಿಗೆ ಬೇಕಾದ್ದೆಲ್ಲ ಅಲ್ಲೇ ಇದೆ. ಫೋಟೋ ಆಮೇಲೆ ತೆಗಿ, ಮೊದಲು ಒಂದೇ ಒಂದು ಪಟ್ಟಿಯನ್ನು ಕೈಯಿಂದ ಬರಕೋ.

ತುಳಸಿ ಕಟ್ಟೆ, ಆನೆ, ಪಲ್ಲಕ್ಕಿ ಯಾರೊಬ್ಬರ ಸೊತ್ತೂ ಅಲ್ಲ, ಧಾರಾಳವಾಗಿ ತಗೋ. ಆದರೆ ಈಗಿನ ಹುಡುಗಿಯೊಬ್ಬಳು ಸ್ವಂತ ಲೆಕ್ಕ ಹಾಕಿ ಹೊಸ ಮಾದರಿ ಮಾಡಿದ್ದರೆ, ಅದನ್ನು ಹೊಲಿದು ಮಾರುವ ಮೊದಲು ಅವಳನ್ನು ಕೇಳು. ಕಲಿಯೋಕೆ ಮಾಡಿದ್ದಾದರೂ ಅವಳ ಹೆಸರು ಹೇಳು. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು, ನಿನಗೆ ಗೊತ್ತು.

ಆಫೀಸು ಮುಗಿಸಿ ಬಂದ ಮೇಲೆ ದಿನಾ ಸೀರೆ ಹಿಡಿಯೋಕೆ ಆಗಲ್ಲ, ಒಪ್ಪಿದೆ. ಅಂಗೈ ಅಗಲದ ಒಂದು ದಪ್ಪ ಎಳೆಯ ಬಟ್ಟೆ ಸೂಜಿಯ ಜೊತೆಗೇ ಇಟ್ಟುಕೋ. ನೋಡಿದ್ದರಲ್ಲಿ ಒಂದು ಮೂಲೆ, ಒಂದು ತಿರುವು, ಅವತ್ತೇ ಅದರ ಮೇಲೆ ಹಾಕು. ಕೆಟ್ಟರೆ ಕೆಡಲಿ, ಬಿಚ್ಚಬೇಡ. ಫೋನಿನಲ್ಲಿ ಕೂಡಿಟ್ಟ ನೂರಾರು ಚಿತ್ರಗಳಿಗಿಂತ ಆ ತುಂಡೇ ನಿನಗೆ ಉಪಯೋಗ.

ದಸರೆಗೆ ಬರುವಾಗ ಆ ಬಟ್ಟೆ ತಗೊಂಡು ಬಾ. ಕಪ್ಪು ಇಳಕಲ್ ಸೀರೆ ಒಂದು ನನ್ನ ಹತ್ತಿರವೇ ಇದೆ, ನೀನು ಬೇರೆ ಕೊಳ್ಳಬೇಡ. ಸೆರಗಿಗೆ ಏನು ಹಾಕಬೇಕು ಅಂತ ಅದನ್ನು ನೋಡಿ ಮಾತಾಡೋಣ.

ಇಂತಿ,
ನಿನ್ನ ದೊಡ್ಡವ್ವ