ಚಾರ್ಜರ್ ಇನ್ನೂ ನನ್ನ ಹತ್ತಿರವೇ ಇದೆ

ಡಿಸೆಂಬರ್ 31ರ ರಾತ್ರಿ. ಒಳಗೆ ಅಪ್ಪ, ಆಸ್ಪತ್ರೆಯ ಕಾರಿಡಾರಿನಲ್ಲಿ ನಾನೊಬ್ಬಳೇ, ಕೈಯಲ್ಲಿ ಚಾರ್ಜ್ ಮುಗಿದ ಫೋನು. ಕೆಲಸ ಹೋಗಿ, ಉಳಿತಾಯ ಕರಗಿ, ವರ್ಷವಿಡೀ ಯಾರನ್ನೂ ಏನೂ ಕೇಳದೆ ಗಟ್ಟಿಗಿತ್ತಿಯ ಹಾಗೆ ನಟಿಸಿ ನಟಿಸಿ ಸುಸ್ತಾಗಿದ್ದೆ. ಆಗ ನೀವು ನೆಲ ಒರೆಸುತ್ತಾ ಬಂದಿರಿ, ಅಮ್ಮಾ. ಏಳಲು ಹೋದರೆ, "ಕೂತ್ಕೊಳಮ್ಮ, ಸುತ್ತ ಒರೆಸ್ತೀನಿ" ಅಂದಿರಿ. ಆಮೇಲೆ ಎಲ್ಲಿಂದಲೋ ಚಾರ್ಜರ್ ತಂದು, ಸಡಿಲ ಪ್ಲಗ್ ಬೀಳದಂತೆ ಮಡಚಿದ ಕಾಗದ ಸಿಕ್ಕಿಸಿ, ನನ್ನ ಬಾಟಲಿಗೆ ನೀರು ತುಂಬಿಸಿಕೊಟ್ಟು, "ಒಬ್ಬಳೇ ಯಾಕೆ ಕೂತಿದ್ದೀಯಾ, ಯಾರಿಗಾದ್ರೂ ಫೋನ್ ಮಾಡು" ಅಂದಿರಿ. ಸ್ವಲ್ಪ ಬೈದ ಹಾಗೇ ಇತ್ತು ಅಲ್ವಾ! ಅಕ್ಕನಿಗೆ ಫೋನ್ ಮಾಡಿ, ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿಬಿಟ್ಟೆ. ಎದೆ ಹಗುರಾಯಿತು. ಬೆಳಗಾಗುವಷ್ಟರಲ್ಲಿ ಅವಳು ಬಂದಳು. ಅಪ್ಪ ಈಗ ಮನೆಯಲ್ಲಿದ್ದಾರೆ. ನಿಮ್ಮ ಹೆಸರು ಕೇಳಲೇ ಇಲ್ಲ. ಚಾರ್ಜರ್ ತಂದುಕೊಡುತ್ತೇನೆ. ಥ್ಯಾಂಕ್ಸ್, ಅಮ್ಮಾ.