ಮುಂದಿನ ತಿಂಗಳಿಂದ ಬೇಳೆ, ಎಣ್ಣೆ ಎಲ್ಲರಿಗೂ: ನಮ್ಮ ಸಂಘದ ಗ್ರಾಹಕರಿಗೆ ಪತ್ರ

ಪ್ರೀತಿಯ ಸದಸ್ಯರೇ, ಗ್ರಾಹಕರೇ,

ನಮಸ್ಕಾರ. ನಮ್ಮ ಸಂಘದ ನ್ಯಾಯಬೆಲೆ ಅಂಗಡಿ ಇಷ್ಟು ದಿನ ರೇಷನ್ ಬಂದಾಗ ಮಾತ್ರ ತೆರೆಯುತ್ತಿತ್ತು. ಮುಂದಿನ ತಿಂಗಳ 1ನೇ ತಾರೀಖಿನಿಂದ ಸೋಮವಾರ ಬಿಟ್ಟು ದಿನಾ ತೆರೆದಿರುತ್ತದೆ. ಪಕ್ಕದ ಖಾಲಿ ಕೋಣೆಯಲ್ಲಿ ತೊಗರಿಬೇಳೆ, ಎಣ್ಣೆ, ಉಪ್ಪು, ಬೆಲ್ಲ, ಬಟ್ಟೆ ಸೋಪು, ಸ್ಯಾನಿಟರಿ ಪ್ಯಾಡ್ ಇಡುತ್ತೇವೆ. ನಾವು ಕೊಂಡ ದರಕ್ಕೆ ಸಾಗಾಣಿಕೆ ಖರ್ಚು ಸೇರಿಸಿದರೆ ಅದೇ ಬೆಲೆ. ಲಾಭ ಇಟ್ಟುಕೊಳ್ಳುವುದಿಲ್ಲ. ನಿಮ್ಮದು ಯಾವ ಕಾರ್ಡ್ ಅಂತ ಕೇಳುವುದೂ ಇಲ್ಲ.

ಯಾಕೆ ಈ ಬದಲಾವಣೆ ಅಂತ ಹೇಳಬೇಕು.

ಕೆಲವು ತಿಂಗಳ ಹಿಂದೆ ಒಬ್ಬ ತಾಯಿ ಚೀಲ ಹಿಡಿದು ಸಾಲಿನಲ್ಲಿ ನಿಂತಿದ್ದರು. ಹೆಬ್ಬೆಟ್ಟು ಒತ್ತಿಸಲು ಹೋದಾಗ ಅವರ ಕಾರ್ಡ್ ಉಚಿತ ಅಕ್ಕಿ ಸಿಗದ ಎಪಿಎಲ್ ಆಗಿದೆ ಅಂತ ಗೊತ್ತಾಯಿತು. ಗಂಡ ಬೇರೆಯವರ ಟ್ರ್ಯಾಕ್ಟರ್ ಓಡಿಸುವವರು, ಸ್ವಂತದ್ದಲ್ಲ. ನಾವು ಏನೂ ಮಾಡುವಂತಿರಲಿಲ್ಲ. ಖಾಲಿ ಚೀಲ ಮಡಚಿಕೊಂಡು ಹೋದರು. ತೂಕದ ಮುಂದೆ ಕೂತವರಿಗೆ ಆ ರಾತ್ರಿ ಊಟ ಸೇರಲಿಲ್ಲ.

ಅನ್ನಭಾಗ್ಯ 2013ರ ಜುಲೈನಲ್ಲಿ ಶುರುವಾಯಿತು. ಎಷ್ಟೋ ಮನೆಗಳ ಹಸಿವು ನೀಗಿಸಿದ ಯೋಜನೆ ಅದು. ಆದರೆ ಬರೀ ಅಕ್ಕಿಯಿಂದ ಊಟ ಆಗುವುದಿಲ್ಲ, ಅಲ್ವಾ? 2023ರ ಜುಲೈನಿಂದ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ತಲೆಗೆ 170 ರೂಪಾಯಿ ಬಂತು. ಅದೇ ವರ್ಷ ತೊಗರಿಬೇಳೆ ಎಷ್ಟು ತುಟ್ಟಿಯಾಗಿತ್ತು ಅಂತ ನಿಮಗೆ ನೆನಪಿರಬಹುದು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿ. ಅಕ್ಟೋಬರ್‌ನಲ್ಲಿ ಆ 5 ಕೆಜಿ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ಸಚಿವ ಸಂಪುಟ ಒಪ್ಪಿತು. ನಮಗೆ ಖುಷಿಯಾಯಿತು. ಆದರೆ ಅದೂ ಅಕ್ಕಿ ಸಿಗುತ್ತಿದ್ದ ಕಾರ್ಡಿಗೇ. ಆ ತಾಯಿಯ ಚೀಲಕ್ಕೆ ಅದೂ ಬೀಳುವುದಿಲ್ಲ.

ಶಕ್ತಿ ಯೋಜನೆ ನೋಡಿ. 2023ರ ಜೂನ್ 11ರಿಂದ ರಾಜ್ಯದ ಯಾವ ಹೆಣ್ಣುಮಗಳಾದರೂ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾಗಿ ಹತ್ತಬಹುದು. ಕಂಡಕ್ಟರ್ ಆಧಾರ್ ನೋಡುತ್ತಾರೆ, ಬಡವರೋ ಶ್ರೀಮಂತರೋ ಅಂತ ನೋಡುವುದಿಲ್ಲ. ಪಕ್ಕದ ತಮಿಳುನಾಡಿನಲ್ಲಿ ಬೇಳೆಯನ್ನೂ ರೇಷನ್ ಅಂಗಡಿಯಲ್ಲೇ ಕೆಜಿಗೆ 30 ರೂಪಾಯಿಯಂತೆ ಕೊಡುತ್ತಾರೆ. ದಿನಾ ಬೇಕಾದ ವಸ್ತು ಹೀಗೇ ಎಲ್ಲರಿಗೂ ಸಿಗಬೇಕು ಅಂತ ನಮ್ಮ ನಂಬಿಕೆ. ಸರ್ಕಾರದಷ್ಟು ಅಗ್ಗವಾಗಿ ಕೊಡುವ ಶಕ್ತಿ ನಮಗಿಲ್ಲ. ಬಾಗಿಲು ಎಲ್ಲರಿಗೂ ತೆರೆಯುವ ಶಕ್ತಿ ಇದೆ.

ಇದಕ್ಕೆ ಖರ್ಚಿದೆ. ಕೆಲಸಕ್ಕೆ ಒಬ್ಬರು ಜಾಸ್ತಿ ಬೇಕು. ಗೊಬ್ಬರ, ಬೀಜದ ಮಾರಾಟದಲ್ಲಿ ಉಳಿದ ಹಣ ಹಾಕುತ್ತೇವೆ. ಹಾಗಾಗಿ ಈ ವರ್ಷ ಸದಸ್ಯರಿಗೆ ಡಿವಿಡೆಂಡ್ ಕಡಿಮೆ ಬರುತ್ತದೆ. ಕೆಲವರಿಗೆ ಬೇಸರ ಆಗಬಹುದು, ಅದು ಸಹಜ. ಆದರೆ ನಮ್ಮದು ಗದಗ ಜಿಲ್ಲೆ. ಇಲ್ಲಿನ ಕಣಗಿನಹಾಳದಲ್ಲೇ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಡಿವಿಡೆಂಡ್ ಹಂಚಬೇಕು ಅಂತ ಕಟ್ಟಿದ್ದಲ್ಲ, ಕಷ್ಟಕ್ಕೆ ಒಬ್ಬರಿಗೊಬ್ಬರು ಆಗಲಿ ಅಂತ ಕಟ್ಟಿದ್ದು. ಒಪ್ಪದವರು ಸರ್ವಸದಸ್ಯರ ಸಭೆಗೆ ಬಂದು ಮಾತಾಡಿ. ಲೆಕ್ಕದ ಪುಸ್ತಕ ಮೇಜಿನ ಮೇಲೇ ಇರುತ್ತದೆ.

ಒಂದು ಮಾತು ಖಡಾಖಂಡಿತ. ಕೆಲವು ಕಡೆ "ಸೋಪು, ಚಹಾಪುಡಿ ತಗೊಂಡರೇ ಅಕ್ಕಿ" ಅನ್ನುತ್ತಾರೆ. ನಮ್ಮಲ್ಲಿ ಹಾಗೆ ಆಗುವುದಿಲ್ಲ. ರೇಷನ್ ನಿಮ್ಮ ಹಕ್ಕು, ಅದಕ್ಕೆ ಒಂದು ರೂಪಾಯಿಯೂ ಕೊಡಬೇಡಿ. ಬೇಳೆ ಕೋಣೆಯ ಬಿಲ್ಲೇ ಬೇರೆ. ಯಾರಾದರೂ ಸುಮ್ನೆ ಒತ್ತಾಯ ಮಾಡಿದರೆ ನೇರ ಕಾರ್ಯದರ್ಶಿಗೆ ಹೇಳಿ.

ಉದ್ರಿ ಸದ್ಯಕ್ಕೆ ಇಲ್ಲ. ವಯಸ್ಸಾದವರು, ಬಾಣಂತಿಯರು ಹೇಳಿ ಕಳಿಸಿದರೆ ಸಾಮಾನು ಮನೆಗೇ ತಲುಪಿಸುತ್ತೇವೆ.

ಆ ತಾಯಿಯ ಮನೆಗೆ ಹೋಗಿ ವಿಷಯ ಹೇಳಿ ಬಂದಿದ್ದೇವೆ. ನೀವೂ ಅಕ್ಕಪಕ್ಕದವರಿಗೆ ಹೇಳಿ. ಬರುವಾಗ ಮನೆಯಿಂದ ಚೀಲ ತನ್ನಿ.

ಇಂತಿ,
ನಿಮ್ಮ ಸಂಘದ ಆಡಳಿತ ಮಂಡಳಿ